ಏರಿಯ ಕೆಳಗಿನ ನಿವೇಶನ

ಚೆನ್ನೈಯಿಂದ ಕಲ್ಕತ್ತೆಗೆ ಹೋಗುವ ಹೆದ್ದಾರಿಯೂ ಮಚಲೀಪಟ್ಟಣದ ರಸ್ತೆಯೂ ಕೂಡುವ ನಮ್ಮ ಬೆಂಜ್ ಸರ್ಕಲ್ಲಿನಲ್ಲಿ ರಾತ್ರಿ ಹತ್ತೂವರೆಯವರೆಗೆ ಮಾತನಾಡಿದರೆ ಕೇಳಿಸುವುದಿಲ್ಲ. ಆಮೇಲೆ ಸ್ವಲ್ಪ ವಿರಾಮ. ನಾವು ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಯ ಮೇಜಿಗೆ ಬಂದು ಎಷ್ಟೋ ವರ್ಷಗಳಾದರೂ, ಆ ವಿರಾಮದ ಹೊತ್ತಿನಲ್ಲಿ ನಮ್ಮವರು ಒಬ್ಬರಲ್ಲ ಒಬ್ಬರು ಬಂದು ಕುಳಿತು ಮನೆಯ ವಿಚಾರ, ಹಣದ ವಿಚಾರ ಕೇಳುವುದು ಮಾತ್ರ ತಪ್ಪಿಲ್ಲ.

ಹಾಗೆ ಬಂದವರಲ್ಲಿ ಒಬ್ಬರು ಕುಂದಾಪುರದ ಕಡೆಯವರು. ಹದಿನೇಳು ವರ್ಷಗಳಿಂದ ದೋಸೆಯ ಕಾವಲಿಯ ಮುಂದೆ ನಿಂತವರು. ಬೆಂಗಳೂರಿನ ಹೊರವಲಯದಲ್ಲಿ ಮೂವತ್ತು ನಲವತ್ತರ ನಿವೇಶನವೊಂದು ಅಗ್ಗದಲ್ಲಿ ದೊರೆಯುತ್ತದೆಂದೂ, ಐವತ್ತು ಸಾವಿರ ಮುಂಗಡ ಕೊಡಬೇಕೆಂದೂ, ತಮ್ಮ ಹಣ ನಮ್ಮಲ್ಲಿರುವುದರಿಂದ ಅದನ್ನು ಕೊಟ್ಟುಬಿಡಬೇಕೆಂದೂ ಕೇಳಿದರು. ನಕ್ಷೆಯನ್ನು ದೂರವಾಣಿಯಲ್ಲಿ ತೋರಿಸಿದರು. ನಿವೇಶನಗಳ ಸಾಲಿಗೆ ಬೆನ್ನು ಹಚ್ಚಿದಂತೆ ಒಂದು ದಪ್ಪ ಗೆರೆ. ಗೆರೆಯ ಆಚೆ ನೀಲಿ ಬಣ್ಣ. ಅದೇನೆಂದು ಕೇಳಿದೆವು. ಹಳೆಯ ಕೆರೆ, ಈಗ ದೋಣಿವಿಹಾರ, ಉದ್ಯಾನ ಎಲ್ಲವನ್ನೂ ಮಾಡಿದ್ದಾರೆ, ಬೆಳಿಗ್ಗೆ ಸಂಜೆ ಗಾಳಿ ಚೆನ್ನಾಗಿ ಬರುತ್ತದೆ ಎಂದರು. ಕೆರೆಯ ಕೆಳಗೆ ಮನೆ ಕಟ್ಟುವುದೇ ಎಂದಾಗ ದಲ್ಲಾಳಿಯ ಮಾತನ್ನು ಒಪ್ಪಿಸಿದರು: “ಸರ್ಕಾರದವರೇ ಇದನ್ನು ಕಡಿಮೆ ಅಪಾಯದ ಕಟ್ಟೆ ಎಂದು ಬರೆದಿದ್ದಾರಂತೆ, ಯಜಮಾನರೇ. ಹೆದರುವ ಕಾರಣವಿಲ್ಲವಂತೆ.”

ಈ ಒಂದು ಮಾತಿಗಾಗಿ ಈ ಲೇಖನವನ್ನು ಬರೆಯಬೇಕಾಯಿತು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೇ ನಿಂತದ್ದು, ಅಣೆಕಟ್ಟಿನ ಶಾಸ್ತ್ರ ನಮ್ಮದಲ್ಲ. ಆದರೆ ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಇಂಜಿನಿಯರರು ನಮ್ಮ ಹಳೆಯ ಗಿರಾಕಿಗಳು. ಅವರನ್ನು ಕೇಳಿ, ಕಾಯಿದೆಯ ಪುಸ್ತಕವನ್ನು ತರಿಸಿ ಓದಿ, ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇವೆ. ದುಡಿದ ಹಣವನ್ನೆಲ್ಲ ಒಂದು ತುಂಡು ಭೂಮಿಗೆ ಸುರಿಯುವವರು ನಮ್ಮಲ್ಲಿ ಇವರೊಬ್ಬರೇ ಅಲ್ಲವಷ್ಟೆ.

“ಕಡಿಮೆ ಅಪಾಯ” ಎಂಬುದು ಕಟ್ಟೆಯ ಬಲದ ಮಾತೇ ಅಲ್ಲ. ದಲ್ಲಾಳಿಗೆ ತಿಳಿಯದ, ಅಥವಾ ತಿಳಿದೂ ಆತ ಹೇಳದ ಸಂಗತಿ ಇದೇ. ಕಟ್ಟೆ ಒಡೆದರೆ ಕೆಳಗೆ ಏನು ನಷ್ಟವಾದೀತು ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರವದು. ಅಮೆರಿಕದಲ್ಲಿ ಈ ವಿಂಗಡಣೆ ಬಹಳ ಸ್ಪಷ್ಟವಾಗಿದೆ. ಒಡೆದರೆ ಜೀವಹಾನಿ ಸಂಭವವಿದ್ದರೆ ಹೆಚ್ಚು ಅಪಾಯದ ವರ್ಗ. ಜೀವಹಾನಿ ಇಲ್ಲದೆ ಆಸ್ತಿಪಾಸ್ತಿಗೆ ಗಣನೀಯ ನಷ್ಟವಾಗುವುದಾದರೆ ನಡುವಿನ ವರ್ಗ. ನಷ್ಟವೆಲ್ಲ ಬಹುಮಟ್ಟಿಗೆ ಕಟ್ಟೆಯ ಒಡೆಯನಿಗೇ ಆಗುವುದಾದರೆ ಕಡಿಮೆ ಅಪಾಯದ ವರ್ಗ. ಈ ಮೂರರಲ್ಲಿ ಕಟ್ಟೆ ಗಟ್ಟಿಯೋ ಶಿಥಿಲವೋ ಎಂಬ ವಿಚಾರ ಎಲ್ಲಿಯೂ ಬರುವುದಿಲ್ಲ. ಕುಸಿಯುವಂತಿರುವ ಕಟ್ಟೆಯೂ, ಕೆಳಗೆ ಬರಿಯ ಬಯಲಿದ್ದರೆ, ಕಡಿಮೆ ಅಪಾಯದ್ದೇ. ಕಬ್ಬಿಣದಂತೆ ನಿಂತಿರುವ ಕಟ್ಟೆಯೂ, ಕೆಳಗೆ ಪಟ್ಟಣವಿದ್ದರೆ, ಹೆಚ್ಚು ಅಪಾಯದ್ದೇ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಅನಿಲದ ಸಿಲಿಂಡರೊಂದು, ಕೊಳವೆ ಬಿರುಕು ಬಿಟ್ಟದ್ದು, ಊರ ಹೊರಗೆ ಖಾಲಿ ಹೊಲದಲ್ಲಿ ಬಿದ್ದಿದೆ ಎನ್ನೋಣ. ಅದು ಸಿಡಿದರೆ ನಾಲ್ಕು ಕಾಗೆಗಳು ಹಾರಿಯಾವು. ಅದೇ ಸಿಲಿಂಡರನ್ನು ತಂದು ಬೆಳಗಿನ ಏಳು ಗಂಟೆಗೆ ನಮ್ಮ ಅಡಿಗೆಮನೆಯಲ್ಲಿ ಇಟ್ಟರೋ? ಕೊಳವೆಯ ಬಿರುಕು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಸುತ್ತ ನಿಂತವರು ಮಾತ್ರ ಬೇರೆ. ನಮ್ಮ ದೋಸೆಯ ಮಿತ್ರರಿಗೆ ಈ ಹೋಲಿಕೆ ಕೂಡಲೇ ಹಿಡಿಸಿತು. “ಹಾಗಾದರೆ ನಾನು ಅಲ್ಲಿ ಮನೆ ಕಟ್ಟಿದ ದಿನವೇ ಅದು ಕಡಿಮೆ ಅಪಾಯದ್ದಾಗಿ ಉಳಿಯುವುದಿಲ್ಲ!” ಎಂದರು. ನಾವು ಎರಡು ದಿನ ಪುಸ್ತಕ ಓದಿ ತಿಳಿದದ್ದನ್ನು ಅವರು ಎರಡು ನಿಮಿಷದಲ್ಲಿ ತಿಳಿದರು.

ಕಟ್ಟೆಯ ಸ್ಥಿತಿಯನ್ನು ಬರೆಯುವ ಪುಸ್ತಕವೇ ಬೇರೆ. ನಮ್ಮ ದೇಶದಲ್ಲಿ ಅಣೆಕಟ್ಟುಗಳನ್ನು ಮಳೆಗಾಲಕ್ಕೆ ಮುಂಚೆಯೂ ಮಳೆಗಾಲದ ನಂತರವೂ ಪರೀಕ್ಷಿಸಿ, ದೋಷಗಳನ್ನು ಮೂರು ದರ್ಜೆಗಳಲ್ಲಿ ದಾಖಲು ಮಾಡುತ್ತಾರೆ. ಕಟ್ಟೆಯೇ ಒಡೆಯುವಷ್ಟು ದೋಷವಿದ್ದರೆ ಒಂದನೆಯ ದರ್ಜೆ. ಬೇಗನೆ ದುರಸ್ತಾಗಬೇಕಾದ ದೊಡ್ಡ ದೋಷವಿದ್ದರೆ ಎರಡನೆಯದು. ಸಣ್ಣಪುಟ್ಟದ್ದಿದ್ದರೆ ಅಥವಾ ಏನೂ ಇಲ್ಲದಿದ್ದರೆ ಮೂರನೆಯದು. ಶಾಲೆಯಲ್ಲಿ ಒಂದನೆಯ ದರ್ಜೆ ಬಂದರೆ ಪೇಡೆ ಹಂಚುವ ನಮಗೆ ಇದು ತಿರುಗುಮುರುಗಾಗಿ ಕಾಣುವುದು ಸಹಜ. ದಲ್ಲಾಳಿ ಯಾವ ಪುಸ್ತಕದ ಯಾವ ಮಾತನ್ನು ಹೇಳುತ್ತಿದ್ದಾನೆಂದು ಕೇಳಿ ತಿಳಿಯದೆ ತಲೆಯಾಡಿಸಬಾರದು.

ಇನ್ನು ಕಾಯಿದೆಯ ವಿಚಾರ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಆ ವರ್ಷದ ಡಿಸೆಂಬರ್ 30ರಂದು ಜಾರಿಗೆ ಬಂದಿತು. ಪ್ರತಿ ರಾಜ್ಯವೂ ಸುರಕ್ಷತೆಯ ಸಂಸ್ಥೆಯೊಂದನ್ನು ಇಡಬೇಕು, ಅದು ಅಣೆಕಟ್ಟುಗಳನ್ನು ಅಪಾಯದ ದೃಷ್ಟಿಯಿಂದ ವರ್ಗೀಕರಿಸಬೇಕು, ವಿಪತ್ತಿನ ಕಾಲದ ಕಾರ್ಯಯೋಜನೆ ಸಿದ್ಧವಿರಬೇಕು ಎಂಬ ನಿಯಮಗಳೆಲ್ಲ ಅದರಲ್ಲಿವೆ, ಸಂತೋಷ. ಆದರೆ ಈ ಕಾಯಿದೆ ಯಾವ ಅಣೆಕಟ್ಟುಗಳಿಗೆ? 15 ಮೀಟರಿಗಿಂತ ಎತ್ತರವಾದವುಗಳಿಗೆ. 10ರಿಂದ 15 ಮೀಟರ್ ಎತ್ತರದವಾದರೆ, ಕಟ್ಟೆಯ ಉದ್ದ 500 ಮೀಟರಿಗೆ ಕಡಿಮೆಯಿರಬಾರದು, ಅಥವಾ ನೀರಿನ ಸಂಗ್ರಹ ಹತ್ತು ಲಕ್ಷ ಘನ ಮೀಟರಿಗೆ ಕಡಿಮೆಯಿರಬಾರದು, ಅಥವಾ ಪ್ರವಾಹದ ಪ್ರಮಾಣ ಸೆಕೆಂಡಿಗೆ 2000 ಘನ ಮೀಟರ್ ಇರಬೇಕು, ಇಲ್ಲವೇ ಅಸ್ತಿವಾರ ತೊಡಕಿನದೋ ರಚನೆ ಅಸಾಮಾನ್ಯವೋ ಆಗಿರಬೇಕು. ಇವುಗಳಲ್ಲಿ ಒಂದಿದ್ದರೂ ಸಾಕು. ಹತ್ತು ಮೀಟರಿಗಿಂತ ಗಿಡ್ಡವಾದ ಏರಿ ಈ ಕಾಯಿದೆಯ ಲೆಕ್ಕಕ್ಕೇ ಇಲ್ಲ. ಕರ್ನಾಟಕದಲ್ಲಿ ಮೂವತ್ತಾರು ಸಾವಿರದಷ್ಟು ಕೆರೆಗಳಿವೆಯೆಂದು ಹೇಳುತ್ತಾರೆ. ಅವುಗಳಲ್ಲಿ ಬಹುಪಾಲಿನ ಏರಿಗಳು ಗಿಡ್ಡವೇ. ಅಂದ ಮೇಲೆ ನಮ್ಮ ಮಿತ್ರರ ಕೆರೆಯನ್ನು ಕಡಿಮೆ ಅಪಾಯದ್ದೆಂದು ಯಾರೂ ಬರೆದಿರದೆ, ಪಟ್ಟಿಯಲ್ಲಿ ಹೆಸರೇ ಇಲ್ಲದ್ದನ್ನು ದಲ್ಲಾಳಿ ಹಾಗೆ ಅರ್ಥಮಾಡಿಕೊಂಡಿರುವುದೇ ಹೆಚ್ಚು ಸಂಭವ. ಶಾಲೆಯ ಹಾಜರಿಯಲ್ಲಿ ಹೆಸರಿಲ್ಲದ ಹುಡುಗನನ್ನು ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ಹೇಳಿದಂತೆ!

ಇದು ಬರಿಯ ವಾದವಲ್ಲವೆಂಬುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೊವಾ ಫಾಲ್ಸ್ ಎಂಬ ಊರಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಲ್ಲಿ ಒಂದು ಕ್ರೈಸ್ತ ವಿದ್ಯಾಶಾಲೆ. ಅದರ ಮೇಲ್ಗಡೆ ಒಂದು ಜಲಪಾತ, ಜಲಪಾತದ ಮೇಲೆ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಕಟ್ಟೆ. 1899ರ ಸುಮಾರಿಗೆ ಕಲ್ಲು ಮರಗಳಿಂದ ಕಟ್ಟಿದ್ದನ್ನು ಮುಂದೆ ವಿದ್ಯುತ್ತಿಗಾಗಿ ಮಣ್ಣು ಹಾಕಿ ಎತ್ತರಿಸುತ್ತ ಹೋದರು. 1957ರಲ್ಲಿ ವಿದ್ಯುತ್ತಿನ ಉತ್ಪಾದನೆ ನಿಂತಿತು. ಆಮೇಲೆ ಅದು ಬರಿಯ ವಿಹಾರದ ಕೊಳ. ಈಜುವುದಕ್ಕೆ, ಮೀನು ಹಿಡಿಯುವುದಕ್ಕೆ. ವಿದ್ಯುತ್ತು ಬರುತ್ತಿದ್ದಷ್ಟು ಕಾಲ ಯಂತ್ರ ನೋಡಲಿಕ್ಕೆಂದಾದರೂ ಒಬ್ಬ ಮನುಷ್ಯ ದಿನವೂ ಹೋಗುತ್ತಿದ್ದಿರಬೇಕು; ಆದಾಯ ನಿಂತ ಕಟ್ಟೆಯ ಕಡೆ ಯಾರು ಹೋಗುತ್ತಾರೆ? ಏರಿಯ ಮೇಲೆ ಮರಗಿಡಗಳು ಬೆಳೆದವು. 1977ರ ನವೆಂಬರ್ 6, ಮಳೆ ಹಿಡಿದ ರಾತ್ರಿ, ಒಂದೂವರೆ ಗಂಟೆಯ ಹೊತ್ತಿಗೆ ಕಟ್ಟೆ ಒಡೆಯಿತು. ಕೆಳಗೆ ವಿದ್ಯಾಶಾಲೆಯ ಆವರಣದಲ್ಲಿ ಮಲಗಿದ್ದವರಲ್ಲಿ 39 ಮಂದಿ ಸತ್ತರು. ಅನೇಕರು ಮಕ್ಕಳು.

ಆ ಕಟ್ಟೆಯ ಎತ್ತರ ಸುಮಾರು ನಲವತ್ತು ಅಡಿ, ಎಂದರೆ 12 ಮೀಟರ್. ಉದ್ದ ಸುಮಾರು 120 ಮೀಟರ್. ಒಡೆದಾಗ ಇದ್ದ ನೀರು ಹತ್ತು ಲಕ್ಷ ಘನ ಮೀಟರಿಗೂ ಕಡಿಮೆ. ಮೇಲೆ ಹೇಳಿದ ನಮ್ಮ ಕಾಯಿದೆಯ ಅಳತೆಗೋಲನ್ನು ವಾಚಕರು ತಾವೇ ಹಿಡಿದು ನೋಡಬಹುದು: ಅಸ್ತಿವಾರದ ಅಥವಾ ರಚನೆಯ ಕಾರಣವನ್ನು ಯಾರಾದರೂ ಎತ್ತದ ಹೊರತು ಅಂಥ ಕಟ್ಟೆ ನಮ್ಮಲ್ಲಿದ್ದರೆ ಪಟ್ಟಿಗೇ ಸೇರಲಾರದು. ಆ ದುರಂತದ ನಂತರವೇ ಅಧ್ಯಕ್ಷ ಕಾರ್ಟರರು ಖಾಸಗಿಯವರ ಅಪಾಯಕಾರಿ ಕಟ್ಟೆಗಳನ್ನೂ ಪರೀಕ್ಷಿಸಬೇಕೆಂದು ಆಜ್ಞೆ ಮಾಡಿದರು.

ಅದಕ್ಕೂ ಹಿಂದಿನದು 1889ರ ಮೇ 31ರ ಜಾನ್ಸ್‌ಟೌನ್ ಪ್ರವಾಹ. ಕಾಲುವೆಗೆ ನೀರು ಕೊಡಲು ಕಟ್ಟಿದ್ದ ಹಳೆಯ ಮಣ್ಣಿನ ಕಟ್ಟೆಯನ್ನು ಕೋಟ್ಯಧೀಶರ ಬೇಟೆ-ಮೀನುಗಾರಿಕೆಯ ಸಂಘವೊಂದು ಕೊಂಡಿತು. ನೀರನ್ನು ತಗ್ಗಿಸುವ ತಳದ ಕೊಳವೆಗಳನ್ನು ಹಿಂದಿನ ಮಾಲೀಕ ಆಗಲೇ ಕಿತ್ತು ಗುಜರಿಗೆ ಮಾರಿದ್ದ. ಸಂಘದವರು ಸಾರೋಟುಗಳು ಓಡಾಡಲೆಂದು ಏರಿಯ ತಲೆಯನ್ನು ತಗ್ಗಿಸಿದರು; ಮೀನು ಹೊರಗೆ ಹೋಗದಿರಲೆಂದು ಕೋಡಿಗೆ ಜಾಲರಿ ಕಟ್ಟಿಸಿದರು. ಮಳೆ ಬಂದ ದಿನ ಜಾಲರಿಗೆ ಕಸಕಡ್ಡಿ ಸಿಕ್ಕಿ, ನೀರು ಏರಿಯ ಮೇಲೆ ಹತ್ತಿತು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಕೆಳಗಿದ್ದ ಪಟ್ಟಣ ಕೊಚ್ಚಿಹೋಯಿತು. ಸತ್ತವರು 2209 ಮಂದಿ.

ಕೋಡಿಗೆ ಜಾಲರಿ ಎಂದೊಡನೆ ನಮ್ಮವರಿಗೆ ನಮ್ಮ ಊರಿನ ಕೆರೆಗಳೇ ನೆನಪಾಗಬೇಕು. ಮೀನಿನ ಗುತ್ತಿಗೆಯವರು ಕೋಡಿಗೆ ಬಲೆ ಕಟ್ಟುವುದನ್ನು ನೋಡದವರು ಯಾರು? ಮಣ್ಣಿನ ಏರಿಗೆ ಮುಖ್ಯವಾಗಿ ಎರಡು ಮೃತ್ಯುಗಳು. ನೀರು ಮೇಲೆ ಹತ್ತಿ ಇಳಿಯುವುದು ಒಂದು. ಒಳಗೇ ದಾರಿ ಮಾಡಿಕೊಂಡು ಮಣ್ಣನ್ನು ಹೊತ್ತು ಹೊರಬರುವುದು ಮತ್ತೊಂದು. ಮೊದಲನೆಯದನ್ನು ತಡೆಯುವುದು ಕೋಡಿ. ಎರಡನೆಯದನ್ನು ತಡೆಯುವುದು ಮನುಷ್ಯನ ಕಣ್ಣು. ಹಿಂದೆ ಆ ಕಣ್ಣಿಗೆ ನೀರುಗಂಟಿ ಎಂದು ಹೆಸರಿತ್ತು. ತೂಬು ಎತ್ತುವವನೂ ಇಳಿಸುವವನೂ ಅವನೇ, ಹೆಗ್ಗಣದ ಬಿಲ ಕಂಡರೆ ಊರಿಗೆ ಸುದ್ದಿ ಮುಟ್ಟಿಸುವವನೂ ಅವನೇ. ಅವನಿಗೆ ಸಂಬಳ ಕೊಡುತ್ತಿದ್ದದ್ದು ಕೆರೆಯ ಕೆಳಗಿನ ಗದ್ದೆ. ಗದ್ದೆ ನಿವೇಶನವಾದ ದಿನ ನೀರುಗಂಟಿಯ ಸಂಬಳವೂ ಹೋಯಿತು, ತೂಬಿನ ಕೆಲಸವೂ ಹೋಯಿತು. ದೋಣಿ ತೇಲಬೇಕಾದ್ದರಿಂದ ನೀರು ಸದಾ ತುಂಬಿರಬೇಕು. ತೂಬನ್ನು ಮುಚ್ಚಿ ಗಾರೆ ಹಾಕಿಬಿಡುತ್ತಾರೆ. ಆಮೇಲೆ ಅಪಾಯ ಬಂದರೆ ನೀರು ತಗ್ಗಿಸಲು ದಾರಿಯೇ ಇಲ್ಲ. ವಿಹಾರದ ಕೆರೆ ನಿರುಪದ್ರವಿ ಎಂದು ನಾವು ತಿಳಿದಿರುವುದು ಎಷ್ಟು ದೊಡ್ಡ ತಪ್ಪೆಂಬುದು ಈ ಸಣ್ಣ ಗಾರೆಯಿಂದಲೇ ತಿಳಿಯುತ್ತದೆ.

ಬೆಂಗಳೂರಿನ ಸ್ಯಾಂಕಿ ಕೆರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿದ್ದ ರಿಚರ್ಡ್ ಸ್ಯಾಂಕಿ 1882ರಲ್ಲಿ ಪಟ್ಟಣದ ನೀರಿಗಾಗಿ ಅದನ್ನು ಕಟ್ಟಿಸಿದರು. ಆಗ ಮಲ್ಲೇಶ್ವರ ಬಡಾವಣೆಯೇ ಇರಲಿಲ್ಲ. ಅದು ರೂಪುಗೊಂಡದ್ದು 1890ರ ದಶಕದಲ್ಲಿ, ಪ್ಲೇಗಿನ ಕಾಲದ ಸುಮಾರಿಗೆ. ಈಗ ಸುಮಾರು 37 ಎಕರೆಯ ಆ ನೀರಿನ ಸುತ್ತ ಮಲ್ಲೇಶ್ವರ, ವೈಯಾಲಿಕಾವಲ್, ಸದಾಶಿವನಗರ. ನೀರು ಕುಡಿಯುವುದಕ್ಕಲ್ಲ, ನೋಡುವುದಕ್ಕೆ. ಏರಿಯ ಮೇಲೆ ರಸ್ತೆ. ಆ ರಸ್ತೆಯನ್ನು ಅಗಲಿಸಿ ಮೇಲ್ಸೇತುವೆ ಕಟ್ಟುವ ಯೋಜನೆಗೆ 2023ರಲ್ಲಿ ನಿವಾಸಿಗಳು ಪ್ರತಿಭಟಿಸಿದಾಗ ಮರಗಳ ವಿಚಾರ ಬಹಳವಾಗಿ ಚರ್ಚೆಗೆ ಬಂದಿತು. ಆ ಏರಿಗೆ ಈಗ ದೋಷವಿದೆಯೆಂದು ನಾವು ಹೇಳುತ್ತಿಲ್ಲ. 1882ರಲ್ಲಿ ಯಾರಾದರೂ ಅದನ್ನು ವರ್ಗೀಕರಿಸಿದ್ದರೆ ಬರೆಯುತ್ತಿದ್ದ ಮಾತು ಈಗ ಸಲ್ಲುವುದಿಲ್ಲವೆಂದಷ್ಟೇ ಹೇಳುತ್ತಿದ್ದೇವೆ. ಒಂದು ಹಿಡಿ ಮಣ್ಣನ್ನೂ ಅಲುಗಿಸದೆ ಕಟ್ಟೆಯ ವರ್ಗ ಬದಲಾಗುತ್ತದೆ.

ಅದೇ ಬೆಂಗಳೂರಿನ ದಕ್ಷಿಣಕ್ಕೆ ಹುಳಿಮಾವು ಕೆರೆ. 2019ರ ನವೆಂಬರ್ 24, ಭಾನುವಾರ. ಮಳೆಯ ಪ್ರಳಯವೇನೂ ಇರಲಿಲ್ಲ. ಏರಿಯನ್ನು ಯಂತ್ರದಿಂದ ಅಗೆದದ್ದೇ ಕಾರಣವೆಂದು ಆಗ ವರದಿಯಾಯಿತು. ಏರಿ ಒಡೆದು ಕೆಳಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಹಗಲಾದ್ದರಿಂದ ಬದುಕಿದರು. ಟೊಕೊವಾದಂತೆ ರಾತ್ರಿ ಒಂದೂವರೆಗೆ ಒಡೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

ವಿಜಯವಾಡದವರಿಗೆ ಇದನ್ನೆಲ್ಲ ದೂರದ ಕಥೆಯಾಗಿ ಹೇಳಬೇಕಾಗಿಲ್ಲ. 2024ರ ಸೆಪ್ಟೆಂಬರ್ ಮೊದಲ ವಾರವನ್ನು ಮರೆಯುವುದು ಸಾಧ್ಯವೇ? ಎಲ್ಲರ ಕಣ್ಣೂ ಪ್ರಕಾಶಂ ಬ್ಯಾರೇಜಿನ ಮೇಲಿತ್ತು. 1957ರ ಆ ಬ್ಯಾರೇಜಿನ ಎಪ್ಪತ್ತು ದ್ವಾರಗಳಿಂದ ಹನ್ನೊಂದು ಲಕ್ಷ ನಲವತ್ತು ಸಾವಿರ ಕ್ಯೂಸೆಕ್ಕಿಗೂ ಮಿಕ್ಕ ನೀರು ಹರಿಯಿತು. ದೋಣಿಗಳು ಬಂದು ಬಡಿದವು. ಆದರೂ ಬ್ಯಾರೇಜು ನಿಂತಿತು. ನಗರವನ್ನು ಮುಳುಗಿಸಿದ್ದು ಕೃಷ್ಣೆಯಲ್ಲ, ಬುಡಮೇರು ಎಂಬ ಹಳ್ಳ. ಅದರ ತಿರುವು ಕಾಲುವೆಯ ದಂಡೆ ಮೂರು ಕಡೆ ಒಡೆದು ಸಿಂಗ್ ನಗರದ ಬೀದಿಗಳು ದಿನಗಟ್ಟಲೆ ನೀರಿನಲ್ಲಿದ್ದವು. ದಂಡೆ ಮುಚ್ಚಲು ಸೈನಿಕರೂ ಬರಬೇಕಾಯಿತು. ಬಾಡಿಗೆ ಕಡಿಮೆಯೆಂದು ಅಲ್ಲಿ ಕೋಣೆ ಹಿಡಿದಿದ್ದ ನಮ್ಮ ಹೋಟೆಲುಗಳ ಹುಡುಗರು ಹಾಸಿಗೆ, ಪೆಟ್ಟಿಗೆ, ಊರಿಗೆ ಕಳಿಸಲೆಂದು ಕೊಂಡಿದ್ದ ಬಟ್ಟೆ ಎಲ್ಲವನ್ನೂ ಬಿಟ್ಟು ಬಂದು ಬೆಂಜ್ ಸರ್ಕಲ್ಲಿನ ಮಹಡಿಗಳ ಮೇಲೆ ಮಲಗಿದರು. ದೊಡ್ಡ ಕಟ್ಟಡಕ್ಕೆ ಕಾವಲಿರುತ್ತದೆ. ಸಣ್ಣ ದಂಡೆಗೆ ಯಾರಿದ್ದಾರೆ?

ನಮ್ಮ ಮಿತ್ರರ ಪ್ರಶ್ನೆಗೆ ಬರೋಣ. ಅವರ ಕೊನೆಯ ಆಸರೆ, ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕೆ ತಡೆಯುವಂತೆ ಕಟ್ಟಿರುತ್ತಾರೆಂಬ ಮಾತು. ಭಾರತೀಯ ಮಾನಕ 11223ರ ಪ್ರಕಾರ ಸಣ್ಣ ಅಣೆಕಟ್ಟುಗಳ ಕೋಡಿಯನ್ನು ನೂರು ವರ್ಷದ ಪ್ರವಾಹಕ್ಕೆ ಲೆಕ್ಕಹಾಕಬೇಕೆಂಬುದು ನಿಜ. ಕೆಳಗೆ ಅಪಾಯ ಹೆಚ್ಚಿದ್ದರೆ ಲೆಕ್ಕವನ್ನೂ ಹೆಚ್ಚಿಸಬಹುದೆಂದು ಅದರಲ್ಲಿಯೇ ಇದೆ. ಈ ಮಾನಕ ಬಂದದ್ದು 1985ರಲ್ಲಿ. ಹಳೆಯ ಕೆರೆಗಳನ್ನು ಕಟ್ಟಿದವರು ಅದನ್ನು ಓದಿ ಕಟ್ಟಲಿಲ್ಲ. ಅದೂ ಇರಲಿ. ನೂರು ವರ್ಷದ ಪ್ರವಾಹವೆಂದರೆ ಈಗ ಬಂದರೆ ಇನ್ನು ನೂರು ವರ್ಷ ಬಾರದೆಂದಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವವೆಂದು. ಗುಮಾಸ್ತ ವಾಚಕರು ಲೆಕ್ಕ ಹಾಕಿ ನೋಡಲಿ: ಮೂವತ್ತು ವರ್ಷದ ಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. ನಾಲ್ಕರಲ್ಲಿ ಒಂದು! ಅಂಥ ಷರತ್ತಿನ ಮೇಲೆ ಯಾರಿಗಾದರೂ ಐವತ್ತು ಸಾವಿರ ಕೈಗಡ ಕೊಟ್ಟೀರಾ?

ಕೊಳ್ಳಲೇಬೇಡಿರೆಂದು ನಾವು ಹೇಳಲಿಲ್ಲ. ಇಂಜಿನಿಯರರು ಹೇಳಿಕೊಟ್ಟಂತೆ, ಮೊದಲು ಹೋಗಿ ಏರಿಯ ಮೇಲೆ ನಡೆದು ಕೋಡಿ ಎಲ್ಲಿದೆ ಎಂದು ಹುಡುಕಬೇಕೆಂದೆವು. ಕೋಡಿಯ ನೀರು ಹೋಗುವ ಹಳ್ಳ ಕಂದಾಯದ ಗ್ರಾಮನಕ್ಷೆಯಲ್ಲಿ ಇರುತ್ತದೆ. ಅದು ನೆಲದ ಮೇಲೂ ಇದೆಯೇ, ಅಥವಾ ಬಡಾವಣೆಯ ರಸ್ತೆಯಾಗಿದೆಯೇ ಎಂದು ನೋಡಬೇಕು. ಏರಿಯ ಕೆಳಗಿನ ಬುಡದಲ್ಲಿ ಬೇಸಗೆಯಲ್ಲಿಯೂ ಹಸಿರು ಜೊಂಡು ನಿಂತಿದ್ದರೆ ನೀರು ಜಿನುಗುತ್ತಿದೆಯೆಂದು ಅರ್ಥ. ತಿಳಿನೀರಾದರೆ ಕಣ್ಣಿಡಬೇಕು, ಕದಡಿದ ನೀರಾದರೆ ಏರಿಯ ಮಣ್ಣೇ ಹೊರಟಿದೆ, ಆ ಕ್ಷಣವೇ ಹಿಂದಿರುಗಬೇಕು. ತೂಬು ಕೆಲಸ ಮಾಡುತ್ತದೆಯೇ, ಅದರ ಬೀಗದ ಕೈ ಯಾರ ಹತ್ತಿರ ಎಂದು ಅಲ್ಲಿಯ ಹಳಬರನ್ನು ಕೇಳಬೇಕು. ದಲ್ಲಾಳಿಯನ್ನು ಕೇಳಿ ಪ್ರಯೋಜನವಿಲ್ಲ. ತೂಬೆಂದರೇನೆಂದು ಆತನಿಗೆ ತಿಳಿದಿದ್ದರೆ ಹೆಚ್ಚು.

ಶನಿವಾರ ರಾತ್ರಿಯ ರೈಲಿನಲ್ಲಿ ಹೋಗಿ ಸೋಮವಾರ ಬೆಳಗಿನ ಪಾಳಿಗೆ ಬಂದರು. ಏರಿಯ ಮೇಲೆ ಕಾಂಕ್ರೀಟಿನ ಕಾಲುದಾರಿ ಮಾಡಿದ್ದಾರಂತೆ, ದೀಪಗಳಿವೆಯಂತೆ, ನೋಟ ಬಹಳ ಚೆನ್ನಾಗಿದೆಯಂತೆ. ಕೋಡಿ ಹುಡುಕಲು ಒಂದು ಗಂಟೆ ಹಿಡಿಯಿತಂತೆ. ಕಲ್ಲಿನ ಹಾಸು ಹಾಗೆಯೇ ಇದೆ, ಅದರ ಮೇಲೆ ದೋಣಿಯ ಟಿಕೆಟ್ ಕೊಡುವ ಕೋಣೆ ಕಟ್ಟಿದ್ದಾರೆ. ಅದರ ಹಿಂದಿನ ಹಳ್ಳ ಎಲ್ಲಿ ಎಂದು ಒಬ್ಬ ಮುದುಕಿಯನ್ನು ಕೇಳಿದರೆ, ಅವರು ನಿಂತಿದ್ದ ರಸ್ತೆಯನ್ನೇ ತೋರಿಸಿದಳಂತೆ. ಆ ರಸ್ತೆಯ ಎಡಕ್ಕೆ ಮೂರನೆಯದು ಇವರ ನಿವೇಶನ.

ದಲ್ಲಾಳಿಯ ಕರೆ ದಿನಕ್ಕೆರಡು ಬಾರಿ ಬರುತ್ತಲೇ ಇದೆ. ಬೆಲೆಯನ್ನು ಇನ್ನೂ ಇಳಿಸಿದ್ದಾನಂತೆ. ಐವತ್ತು ಸಾವಿರ ನಮ್ಮ ಪೆಟ್ಟಿಗೆಯಲ್ಲಿಯೇ ಇದೆ.